ಬ್ರಿಟನ್ನಿನಲ್ಲಿ ಕೋವಿಡ್‌ಗೆ ಬಲಿಯಾದ ವಿದೇಶಿ ಆರೋಗ್ಯ ಸಿಬ್ಬಂದಿಯ ಕುಟುಂಬಕ್ಕೆ ಪೌರತ್ವ ಸಿಕ್ಕಿತೇ?

ನೇರವಾಗಿ ಪೌರತ್ವ ಸಿಗಲಿಲ್ಲ, ಸಿಕ್ಕಿದ್ದು ಕಾಯಂ ವಾಸದ ಹಕ್ಕು. ಅವಲಂಬಿತರ ವೀಸಾ ಕೆಲಸದಲ್ಲಿದ್ದವರ ವೀಸಾಕ್ಕೆ ತಳುಕು ಹಾಕಿಕೊಂಡಿರುತ್ತದೆ. ಅವರೇ ಹೋದರೆ ಹೆಂಡತಿ ಮಕ್ಕಳು ಅಲ್ಲಿ ಉಳಿಯುವುದೇ ಕಷ್ಟ. ಅದಕ್ಕೇ 2020ರಲ್ಲಿ ಅಲ್ಲಿನ ಸರ್ಕಾರ ಇಂಥ ಕುಟುಂಬಗಳಿಗೆ ಶುಲ್ಕವಿಲ್ಲದೆ ಈ ಹಕ್ಕು ಕೊಟ್ಟಿತು. ಮೊದಲು ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ, ವೃದ್ಧರ ಆರೈಕೆಯವರನ್ನೆಲ್ಲ ಹೊರಗಿಟ್ಟಿದ್ದರು. ಸೋಂಕಿಗೆ ಹುದ್ದೆಯ ಭೇದವಿತ್ತೇ? ಟೀಕೆ ಜೋರಾದ ಮೇಲೆ, ಮೇ ತಿಂಗಳಲ್ಲಿ ಅವರನ್ನೂ ಸೇರಿಸಿದರು.

ಪೌರತ್ವದ ಅರ್ಜಿ ಬೇರೆಯೇ. ಸಾಮಾನ್ಯವಾಗಿ 5 ವರ್ಷದ ವಾಸ, ಕಾಯಂ ಹಕ್ಕು ಸಿಕ್ಕು 12 ತಿಂಗಳು, ಇಂಗ್ಲಿಷ್ ಜ್ಞಾನ, ಅಲ್ಲಿನ ಜನಜೀವನದ ಪರೀಕ್ಷೆ, ಜೊತೆಗೆ ದುಬಾರಿ ಶುಲ್ಕ. ನಮ್ಮವರಾದರೆ ಇನ್ನೊಂದು ಮಾತು: ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಬ್ರಿಟಿಷ್ ಪೌರರಾದವರು ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು.