ಓದುಗರ ಪ್ರಶ್ನೆ: ಗುಜರಿ ಹಿತ್ತಾಳೆಯನ್ನು ಬೇರ್ಪಡಿಸುವುದು ಹೇಗೆ?

ಪ್ರಶ್ನೆ: ಹಳೆಯ ಕಟ್ಟಡವೊಂದನ್ನು ಕೆಡವಿದಾಗ ಸಿಕ್ಕ ನಲ್ಲಿ, ವಾಲ್ವ್, ಬಾಗಿಲ ಹಿಡಿ, ದೀಪದ ಕಂಬ ಮುಂತಾದವು ಒಂದು ಚೀಲ ತುಂಬ ಇವೆ. ಗುಜರಿಯವರು ಮೇಲೆ ಮೇಲೆ ನೋಡಿ, ಎಲ್ಲಕ್ಕೂ ಒಂದೇ ದರ ಎಂದರು. ಆ ದರವೂ ತೀರ ಕಡಿಮೆ. ನಾನೇ ಬೇರ್ಪಡಿಸಿ ಕೊಟ್ಟರೆ ಲಾಭವಿದೆಯೆ?

ಉತ್ತರ: ಲಾಭವಿದೆ. ಬೆರಕೆ ಚೀಲಕ್ಕೆ ದರ ಕಟ್ಟುವವರು ಅದರೊಳಗೆ ಇರಬಹುದಾದ ಅತ್ಯಂತ ಕಳಪೆ ಸರಕನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಇದನ್ನು ಮೋಸವೆನ್ನಲಾಗದು, ಬೇರ್ಪಡಿಸುವ ಕೂಲಿಯನ್ನೂ, ಒಳಗೆ ಅಡಗಿರುವ ಕಬ್ಬಿಣದಿಂದ ಆಗಬಹುದಾದ ನಷ್ಟವನ್ನೂ ಅವರು ಮೊದಲೇ ಕಳೆದು ದರ ಹೇಳಿರುತ್ತಾರೆ. ಆ ಕೆಲಸವನ್ನು ನೀವೇ ಮಾಡಿ ಮುಗಿಸಿದರೆ ಆ ಹಣ ನಿಮ್ಮಲ್ಲೇ ಉಳಿಯುತ್ತದೆ.

ಮೊದಲು ಪ್ರತಿಯೊಂದು ವಸ್ತುವಿಗೂ ಮ್ಯಾಗ್ನೆಟ್ ತಾಗಿಸಿ ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಹಿತ್ತಾಳೆಯ ಲೇಪನವಿರುವ ಕಬ್ಬಿಣ. ಒಂದು ಕಡೆ ಮಾತ್ರ ಅಂಟಿದರೆ ಅಲ್ಲಿ ಕಬ್ಬಿಣದ ಸ್ಕ್ರೂ ಅಥವಾ ಕಡ್ಡಿ ಇದೆಯೆಂದು ತಿಳಿಯಬಹುದು. ದೀಪದ ಕಂಬದಂಥ ವಸ್ತುಗಳ ವಿಷಯದಲ್ಲಿ ಮಾತ್ರ ಮ್ಯಾಗ್ನೆಟ್ಟನ್ನೇ ನಂಬಿ ಕೂರಬೇಡಿ. ತೆಳುವಾದ ಹಿತ್ತಾಳೆ ತಗಡಿನ ಪೀಠದೊಳಗೆ, ಕಂಬ ವಾಲದಿರಲೆಂದು, ಮರಳು, ಸಿಮೆಂಟು ಅಥವಾ ಸೀಸ ತುಂಬಿರುವುದು ಸಾಮಾನ್ಯ. ತಳದ ಬಟ್ಟೆಯನ್ನೋ ಮುಚ್ಚಳವನ್ನೋ ಕಿತ್ತು ನೋಡದೆ ಅದನ್ನು ಹಿತ್ತಾಳೆಯ ಗುಂಪಿಗೆ ಸೇರಿಸಿದರೆ, ಖರೀದಿಸುವವರ ಕಣ್ಣಿಗೆ ಮೊದಲು ಬೀಳುವುದೇ ಅದು. ಆಮೇಲೆ ಉಳಿದ ಸರಕಿನ ಮೇಲೂ ಅನುಮಾನ ಮೂಡುತ್ತದೆ.

ಎರಡನೆಯ ಪರೀಕ್ಷೆ ಅರದ್ದು. ಕಣ್ಣಿಗೆ ಬೀಳದ ಮೂಲೆಯೊಂದನ್ನು ಅರದಿಂದ ಆಳವಾಗಿ ಉಜ್ಜಿ, ಆಗಷ್ಟೇ ತೆರೆದ ಲೋಹದ ಬಣ್ಣವನ್ನು ಹಗಲಿನ ಬೆಳಕಿನಲ್ಲಿ ನೋಡಿ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ತಾಮ್ರ ಹೆಚ್ಚಿದಷ್ಟೂ ಬಣ್ಣ ಕೆಂಪಿಗೆ ತಿರುಗುತ್ತದೆ, ದರವೂ ಏರುತ್ತದೆ. ಲೇತ್‌ನಲ್ಲಿ ಕಡೆದು ಮಾಡಿದ ಫಿಟಿಂಗ್‌ಗಳಲ್ಲಿ ತಾಮ್ರ ಶೇಕಡ 60ರ ಆಸುಪಾಸು ಇದ್ದು, ಉಳಿದದ್ದರಲ್ಲಿ ಹೆಚ್ಚಿನದು ಸತು, ಶೇಕಡ 2–3ರಷ್ಟು ಸೀಸ ಇರುತ್ತದೆ; ಉಜ್ಜಿದರೆ ಬಣ್ಣ ಅಚ್ಚ ಹಳದಿ. ಗನ್‌ಮೆಟಲ್ ಜಾತಿಗೆ ಸೇರಿದ, ಕೆಂಪು ಹಿತ್ತಾಳೆ ಎನಿಸಿಕೊಳ್ಳುವ ಎರಕದ ವಾಲ್ವ್‌ಗಳಲ್ಲಿ ಪ್ರಸಿದ್ಧವಾದ ಒಂದು ಮಿಶ್ರಣದಲ್ಲಿ ತಾಮ್ರ ಶೇಕಡ 85, ತವರ, ಸೀಸ, ಸತು ತಲಾ 5. ಇವನ್ನು ಹಳದಿಯ ಜೊತೆ ಬೆರೆಸಿ ಮಾರುವುದೇ ಹೆಚ್ಚಿನವರು ಮಾಡುವ ತಪ್ಪು. ಅಂತರರಾಷ್ಟ್ರೀಯ ಗುಜರಿ ವ್ಯಾಪಾರದಲ್ಲಂತೂ ಹಳದಿ ಹಿತ್ತಾಳೆಗೆ ‘ಹನಿ’, ಕೆಂಪು ಹಿತ್ತಾಳೆಗೆ ‘ಎಬನಿ’ ಎಂಬ ಬೇರೆ ಬೇರೆ ಹೆಸರುಗಳೇ ಇವೆ. (ಈ ‘ಹನಿ’ ನಮ್ಮ ಮಳೆಹನಿಯಲ್ಲ, ಇಂಗ್ಲಿಷಿನ ಜೇನು.)

ಇಲ್ಲೊಂದು ಎಚ್ಚರ ಅಗತ್ಯ. ವರ್ಷಗಟ್ಟಲೆ ನೀರಿನಲ್ಲಿದ್ದ ಹಳದಿ ಹಿತ್ತಾಳೆಯ ಮೈಯಿಂದ ಸತು ಕರಗಿಹೋಗಿ, ತಾಮ್ರವಷ್ಟೇ ಉಳಿದು, ಹೊರಪದರ ಕೆಂಪಾಗಿ ಕಾಣುತ್ತದೆ. ಮೇಲ್ಮೈಯನ್ನು ಮಾತ್ರ ಕೆರೆದವರು ಇದನ್ನು ಕೆಂಪು ಹಿತ್ತಾಳೆಯೆಂದು ಭ್ರಮಿಸುತ್ತಾರೆ. ಅರ ಇನ್ನಷ್ಟು ಒಳಗೆ ಇಳಿದಾಗ ಹಳದಿ ಹೊರಬೀಳುತ್ತದೆ. ಅರದ ಪುಡಿಯಲ್ಲಿ ಸೀಸವೂ ಇರುವುದರಿಂದ ಕೆಲಸ ಮುಗಿದ ಮೇಲೆ ಕೈಯನ್ನು ಸೋಪು ಹಚ್ಚಿ ತೊಳೆದುಕೊಳ್ಳಿ.

ಇನ್ನು ಬಿಚ್ಚುವ ಕೆಲಸ. 600 ಗ್ರಾಂ ತೂಗುವ ವಾಲ್ವ್ ಒಂದರಲ್ಲಿ ಕಬ್ಬಿಣದ ಹಿಡಿಚಕ್ರ ಮತ್ತು ನಟ್ ಸೇರಿ 50 ಗ್ರಾಂ ಇವೆಯೆಂದುಕೊಳ್ಳಿ. ಅವು ಹಾಗೇ ಇದ್ದರೆ ಇಡೀ 600 ಗ್ರಾಮಿಗೂ ಕಬ್ಬಿಣ ಬೆರೆತ ಹಿತ್ತಾಳೆಯ ಕೀಳು ದರ ಬೀಳುತ್ತದೆ. ನಟ್ ಬಿಚ್ಚಿ ತೆಗೆದರೆ ಕೈಬಿಡುವುದು 50 ಗ್ರಾಂ ಮಾತ್ರ, ಉಳಿದ 550 ಗ್ರಾಮಿಗೆ ಶುದ್ಧ ಸರಕಿನ ದರವನ್ನು ಕೇಳಬಹುದು. ರಬ್ಬರ್ ವಾಷರ್, ಪ್ಲಾಸ್ಟಿಕ್ಕುಗಳನ್ನೂ ಚಾಕುವಿನಿಂದ ತೆಗೆಯಿರಿ, ಸುಡಬೇಡಿ; ಅವುಗಳ ಹೊಗೆ ವಿಷ, ಮತ್ತು ಹಿತ್ತಾಳೆ ಅತಿಯಾಗಿ ಕಾದರೆ ಏಳುವ ಸತುವಿನ ಹೊಗೆಯಿಂದ ಚಳಿಜ್ವರದಂಥ ಬಾಧೆ ಬರುತ್ತದೆ. ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬಿಚ್ಚದ ಒಂದೆರಡು ತುಂಡುಗಳಿಗಾಗಿ ಅರ್ಧ ದಿನ ಕಳೆಯುವುದು ನನ್ನ ದೃಷ್ಟಿಯಲ್ಲಿ ದಂಡ. ಅವನ್ನು ಪ್ರತ್ಯೇಕ ಚೀಲಕ್ಕೆ ಹಾಕಿ, ಕಬ್ಬಿಣ ಬೆರೆತ ಹಿತ್ತಾಳೆಯ ದರಕ್ಕೇ ಕೊಟ್ಟುಬಿಡಿ.

ಎಲ್ಲವನ್ನೂ ಮನೆಯಲ್ಲೇ ತೂಗಿ, ಗುಂಪುವಾರು ತೂಕ ಬರೆದುಕೊಂಡು ಹೋಗಿ. ತೂಗುವ ಮೊದಲೇ ಪ್ರತಿ ಗುಂಪಿನ ದರವನ್ನು ಬೇರೆ ಬೇರೆಯಾಗಿ ಕೇಳಿ.

ಪ್ರಶ್ನೆ: ಫಳಫಳ ಹೊಳೆಯುವ ಕ್ರೋಮ್ ನಲ್ಲಿಗಳೂ ಹಿತ್ತಾಳೆಯವೇ ಎನ್ನುತ್ತಾರೆ. ಮುರಿದ ಒಂದು ನಲ್ಲಿಯ ಒಳಭಾಗ ಬೂದು ಬಣ್ಣಕ್ಕಿದೆ. ಮ್ಯಾಗ್ನೆಟ್ಟಿಗೂ ಅದು ಅಂಟುವುದಿಲ್ಲ.

ಉತ್ತರ: ಅದು ಬಹುಮಟ್ಟಿಗೆ ಸತುವಿನ ಎರಕ, ಅಗ್ಗದ ನಲ್ಲಿಗಳ ಹಿಡಿಗಳನ್ನು ಹೆಚ್ಚಾಗಿ ಇದರಲ್ಲೇ ಮಾಡುತ್ತಾರೆ. ಮ್ಯಾಗ್ನೆಟ್ ಸತುವನ್ನೂ ಸೆಳೆಯುವುದಿಲ್ಲವಾದ್ದರಿಂದ ಅಂಟದಿದ್ದದ್ದೆಲ್ಲ ಹಿತ್ತಾಳೆ ಎಂಬ ತೀರ್ಮಾನ ತಪ್ಪಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ನಿಜವಾದ ಹಿತ್ತಾಳೆ ನಲ್ಲಿಯ ಕ್ರೋಮ್ ಅಡಿಯಲ್ಲಿರುವ ನಿಕ್ಕಲ್ ಪದರವು ಬಲವಾದ ಮ್ಯಾಗ್ನೆಟ್ಟನ್ನು ತುಸುವೇ ಎಳೆಯಬಹುದು. ಅಷ್ಟಕ್ಕೆ ಅದನ್ನು ಕಬ್ಬಿಣವೆಂದು ಎಸೆಯಬೇಡಿ.

ಅರದಿಂದಲೂ ಸಂದೇಹ ತೀರದಿದ್ದರೆ ನೀರಿನಲ್ಲಿ ತೂಗಿ ನೋಡಬಹುದು. ಟೊಳ್ಳಿಲ್ಲದ ತುಂಡೊಂದು ಗಾಳಿಯಲ್ಲಿ 850 ಗ್ರಾಂ ಇದ್ದು, ದಾರ ಕಟ್ಟಿ ಪೂರ್ತಿ ಮುಳುಗಿಸಿ ತೂಗಿದಾಗ 750 ಗ್ರಾಂ ತೋರಿತೆನ್ನಿ. ವ್ಯತ್ಯಾಸ 100, ಮೊದಲ ತೂಕವನ್ನು ಅದರಿಂದ ಭಾಗಿಸಿದರೆ 8.5, ಅಂದರೆ ಹಿತ್ತಾಳೆ. ಸತುವಿನ ಎರಕವಾದರೆ ಉತ್ತರ 6.7ರ ಸುತ್ತಮುತ್ತ ಬರುತ್ತದೆ. ತುಂಡಿಗೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಲೆಕ್ಕ ಕೆಡುತ್ತದೆ, ಒಮ್ಮೆ ಅಲ್ಲಾಡಿಸಿ ತೂಗಿ.

ಪ್ರಶ್ನೆ: ಮಾರುವ ಮೊದಲು ಹಿತ್ತಾಳೆಯನ್ನು ಉಜ್ಜಿ ಹೊಳಪು ತರಬೇಕೆ?

ಉತ್ತರ: ಬೇಡ. ಕರಗಿಸುವ ಕುಲುಮೆಗೆ ಹೊಳಪಿನಿಂದ ಆಗಬೇಕಾದ್ದೇನೂ ಇಲ್ಲ. ಕೈಕೆಲಸವಿರುವ ಹಳೆಯ ವಸ್ತುವಾದರೆ ಉಜ್ಜುವುದರಿಂದ ನಷ್ಟವೇ ಹೆಚ್ಚು. ಕಾಲ ಕಳೆದಂತೆ ಕೂಡಿಬಂದ ಅದರ ಕಂದು ಛಾಯೆಗೇ ಹಳೆಯ ವಸ್ತುಗಳ ಸಂಗ್ರಾಹಕರು ಬೆಲೆ ಕೊಡುತ್ತಾರೆ. ಅಂಥ ತುಂಡು ಚೀಲದಲ್ಲಿದ್ದರೆ ಅರವನ್ನು ಅದರ ಹತ್ತಿರಕ್ಕೂ ತರದೆ ತೆಗೆದಿಟ್ಟು, ಗುಜರಿಯವರಿಗೆ ತೋರಿಸುವ ಮೊದಲು ಬಲ್ಲವರಿಗೆ ತೋರಿಸಿ.