ಯಾರ ಬಟ್ಟೆ ಯಾರಿಗೆ

ಶಹಾಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಸೋದರಿಯೊಬ್ಬರು ನಾಲ್ಕು ಪುಟ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ಸಂಪಾದಕ ಅಣ್ಣನವರಿಗೆ ಶರಣು ಶರಣಾರ್ಥಿ. ಆರು ವರ್ಷದಿಂದ ಮಂಗಳವಾರ, ಶುಕ್ರವಾರ ನನ್ನ ಮೈಯಾಗ ತಾಯಿ ಬರ್ತಾಳ್ರಿ. ಮಂದಿ ಹೇಳಿಕೆ ಕೇಳ್ಲಿಕ್ಕ ಬರ್ತಾರ. ಹೊಟ್ಟಿನೋವು ಅಂತ ಬಂದಾಕಿ ಎದುರಿಗೆ ಕುಂತ್ರ ನನ್ನ ಹೊಟ್ಟೀನೇ ಹಿಂಡ್ತದ. ಮಗ ತೀರಿಕೊಂಡಾಕಿ ಬಂದ್ರ ಎರಡು ದಿನ ನನಗ ಅನ್ನ ಸೇರಂಗಿಲ್ಲ. ಮೊಬೈಲಿನಾಗ ಒಂದು ಕೋರ್ಸ್ ಮಾಡಿದೆ. ನಾನು ಒಂದು 'ಚಾನೆಲ್', ಅಂದ್ರ ಶಕ್ತಿ ಹರಿದು ಬರೋ ದಾರಿ ಅದೀನಿ, ಮಂದಿಯ ನೆಗೆಟಿವ್ ಎನರ್ಜಿ ನನಗ ಅಂಟ್ತದ, ದಿನಾ ಶುದ್ಧಿ ಮಾಡ್ಕೋಬೇಕು ಅಂತ ಕಲಿಸಿದ್ರು. ಈಗ ದಿನಕ್ಕ ಮೂರು ಸಲ ಉಪ್ಪುನೀರಿನ ಜಳಕ ಮಾಡ್ತೀನಿ. ಮದುವಿ, ಮುಂಜಿಗಿ ಹೋಗೋದು ಬಿಟ್ಟೀನಿ. ಮಂದಿ ಕೈಯಿಂದ ಉಣ್ಣಂಗಿಲ್ಲ. ನೆಗೆಣ್ಣಿಗಿ ಅಡಿಗಿಮನಿಗಿ ಬರಬ್ಯಾಡ ಅಂದೀನಿ. ಕೈ ಒಡದಾವ, ಕೂದಲ ಉದರ್ತಾವ. ಬ್ಯಾಸಿಗ್ಯಾಗ ನೀರು ಹೊತ್ತು ಹೊತ್ತು ನನ್ನ ಮಗಳಿಗಿ ಸಾಕಾಗ್ಯಾದ. ಇನ್ನ ಎಷ್ಟು ಸಲ ಶುದ್ಧಿ ಮಾಡ್ಕೋಬೇಕು, ಯಾವ ಉಪ್ಪು ಛಲೋ, ಹೇಳ್ರಿ."

ತಂಗಿ, ಉಪ್ಪಿನ ಮಾತು ಮೊದಲು ಮುಗಿಸಿಬಿಡೋಣ. ನೀವು ತರಿಸಿಕೊಂಡ ಗುಲಾಬಿ ಉಪ್ಪು ಪಾಕಿಸ್ತಾನದ ಖೇವ್ರಾ ಗಣಿಯ ಕಡೆಯದು. ನಿಮ್ಮ ಒಲೆಯ ಪಕ್ಕದ ಡಬ್ಬಿಯ ಹರಳುಪ್ಪು ಸಮುದ್ರದ್ದು. ಮೈ ತೊಳೆಯಲು ಎರಡೂ ಒಂದೇ, ಮತ್ತು ಒಡೆದ ಕೈಗೆ ಎರಡೂ ಬೇಡ. ಮನೆಗೆ ಹೊಗೆ ಹಾಕಲೆಂದು ಕೋರ್ಸಿನವರು ಕಳಿಸಿದ ಬಿಳಿ ಸೇಜ್ ಎಲೆ ದಕ್ಷಿಣ ಕ್ಯಾಲಿಫೋರ್ನಿಯಾದ ಗುಡ್ಡಗಳ ಗಿಡ. ಅಲ್ಲಿನ ಮೂಲನಿವಾಸಿಗಳಿಗೆ ಅದು ಪೂಜ್ಯ. ವ್ಯಾಪಾರಕ್ಕಾಗಿ ಅದನ್ನು ಕಾಡಿನಿಂದ ಕದ್ದು ಕೊಯ್ಯುತ್ತಿದ್ದಾರೆಂದು ಅವರು ನೊಂದು ಹೇಳುತ್ತಲೇ ಇದ್ದಾರೆ. ಇನ್ನೊಬ್ಬರ ಕಣ್ಣೀರು ಬಿದ್ದ ಎಲೆಯಿಂದ ನಿಮ್ಮ ಮನೆ ಹೇಗೆ ಶುದ್ಧವಾದೀತು? ಹೊಗೆ ಬೇಕೆನಿಸಿದರೆ ಕೆಂಡದ ಮೇಲೆ ಚಿಟಿಕೆ ಲೋಬಾನ ಹಾಕಿ, ಕಿಟಕಿ ತೆಗೆದಿಡಿ. ಹೊಗೆಯಿಂದ, ಸುವಾಸನೆಯಿಂದ ಮನಸ್ಸು ತಿಳಿಯಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಷ್ಟರ ಮಟ್ಟಿಗೆ ಕೋರ್ಸಿನವರದೂ ಸರಿ.

ನಿಮಗೆ ಆಗುತ್ತಿರುವುದೂ ಸುಳ್ಳಲ್ಲ. ಎದುರಿಗೆ ಕುಳಿತವರ ನೋವು ತಮ್ಮ ಮೈಯಲ್ಲೇ ಎದ್ದಂತಾಗುವ ಜನ ಎಲ್ಲ ಕಾಲದಲ್ಲೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೇನ್ ಆರನ್ 1990ರ ದಶಕದಲ್ಲಿ ಅತಿ ಸೂಕ್ಷ್ಮ ಸ್ವಭಾವದವರ ಬಗ್ಗೆ ಸಂಶೋಧನೆ ಮಾಡಿದರು. ನೂರು ಜನರಲ್ಲಿ 15ರಿಂದ 20 ಮಂದಿ ಹೀಗಿರುತ್ತಾರೆ, ಇದು ಕಾಯಿಲೆಯಲ್ಲ, ಹುಟ್ಟುಗುಣ ಎಂದರು. ನಿಮ್ಮ ಮೈಯಲ್ಲಿ ತಾಯಿ ಬರುತ್ತಾಳೋ ಇಲ್ಲವೋ ಎಂದು ತೂಗುವ ತಕ್ಕಡಿ ನನ್ನ ಬಳಿ ಇಲ್ಲ. ಬಂದವರು ಹಗುರಾಗಿ ಹೋಗುತ್ತಾರೆ ಎಂದು ಬರೆದಿದ್ದೀರಿ. ಅದನ್ನು ನಾನು ನಂಬುತ್ತೇನೆ.

ನನ್ನ ಎದೆಗೆ ಚುಚ್ಚಿದ್ದು ನೆಗೆಣ್ಣಿಯ ಮಾತು. ಮಂದಿ ಕೈಯಿಂದ ಉಣ್ಣುವುದಿಲ್ಲ ಎಂಬ ಮಾತು. ತಂಗಿ, ಇದನ್ನು ನಾವು ಹಿಂದೆ ಕೇಳಿದ್ದೇವೆ. ಇದಕ್ಕೆ ನಮ್ಮಲ್ಲಿ ಮೈಲಿಗೆ ಎಂಬ ಹೆಸರಿತ್ತು.

ನಾನು ಬೆಳೆದದ್ದು ಕಲಬುರಗಿಯ ಶಹಾಬಜಾರದ ಓಣಿಯಲ್ಲಿ. ನಮ್ಮ ಓಣಿಗೆ ವಾರಕ್ಕೊಮ್ಮೆ ಅಗಸರ ಗಂಡ ಹೆಂಡತಿ ಬರುತ್ತಿದ್ದರು, ಕತ್ತೆಯ ಮೇಲೆ ಗಂಟು ಹೇರಿಕೊಂಡು. ಬಾಣಂತಿಯ ಸೀರೆ, ಜ್ವರದವರ ಹಾಸಿಗೆ, ಸತ್ತವರ ಮನೆಯ ಕಂಬಳಿ, ಮದುವೆಯ ಪಂಚೆ, ಎಲ್ಲ ಒಂದೇ ಗಂಟಿನಲ್ಲಿ ಹೋಗುತ್ತಿದ್ದವು. ಸವಳು ಹಾಕಿ ನೆನೆಸಿ, ಭಟ್ಟಿಯಲ್ಲಿ ಬೇಯಿಸಿ, ಕಲ್ಲಿಗೆ ಒಗೆದು, ಬಿಸಿಲಿಗೆ ಹರವುತ್ತಿದ್ದರು. ನನಗೆ ಆಗ ಎಂಟು ಒಂಬತ್ತು ವರ್ಷ. ಇಷ್ಟೊಂದು ಬಟ್ಟೆಯಲ್ಲಿ ನಮ್ಮದು ನಮಗೇ ಹೇಗೆ ಬರುತ್ತದೆ ಎಂದು ಆಕೆಯನ್ನು ಕೇಳಿದೆ. ಆಕೆ ನನ್ನ ಅಂಗಿಯ ಕೊರಳಪಟ್ಟಿ ಮಗುಚಿ ತೋರಿಸಿದಳು. ಒಳಗೆ ಕೇರುಬೀಜದ ರಸದಲ್ಲಿ ಇಟ್ಟ ಸಣ್ಣ ಕಪ್ಪು ಗುರುತು, ಮೂರು ಚುಕ್ಕಿ. ಪಕ್ಕದ ಮಾಸ್ತರರ ಮನೆಗೆ ಒಂದು ಗೆರೆ, ಎರಡು ಚುಕ್ಕಿ. ಎಷ್ಟು ಒಗೆದರೂ ಹೋಗದ ಕಪ್ಪು ಅದು. "ಯಾರ ಬಟ್ಟಿ ಯಾರಿಗಿ ಅಂತ ಗೊತ್ತಿದ್ರ ಆತು ತಮ್ಮಾ, ಹೊಲಸಿಗೇನು ಅಂಜೋದು" ಎಂದಳು. ಸಂಜೆ ಭಟ್ಟಿ ಆರಿಸಿ ಒಂದು ಜಳಕ ಮಾಡಿ, ಅದೇ ಕೈಯಿಂದ ರೊಟ್ಟಿ ಬಡಿದು ಮಕ್ಕಳಿಗೆ ಉಣಿಸುತ್ತಿದ್ದಳು.

ಮುಂದಿನದನ್ನು ಬರೆಯುವುದು ಕಷ್ಟ. ಆ ತಾಯಿಗೆ ನಮ್ಮಜ್ಜಿ ರೊಟ್ಟಿ ಕೊಡುತ್ತಿದ್ದದ್ದು ಹಿತ್ತಿಲ ಬಾಗಿಲಲ್ಲಿ, ಮೇಲಿನಿಂದ ಸೆರಗಿಗೆ ಬಿಡುತ್ತಿದ್ದಳು, ಕೈ ತಾಗದಂತೆ. ನಮ್ಮ ಮನೆಯ ಹೊಲಸನ್ನೆಲ್ಲ ತೊಳೆದವಳು ನಮಗೆ ಮೈಲಿಗೆಯಾಗಿದ್ದಳು. ನಮ್ಮಜ್ಜಿ ಕೆಟ್ಟವಳಲ್ಲ. ಶುದ್ಧವಾಗಿರಬೇಕು ಎಂದು ಅವಳಿಗೂ ಯಾರೋ ಕಲಿಸಿದ್ದರು, ನಿಮಗೆ ಮೊಬೈಲಿನಲ್ಲಿ ಕಲಿಸಿದ ಹಾಗೆಯೇ.

ಎಂಟು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ಬೀದರ್ ಸೀಮೆಯ ಕಲ್ಯಾಣದಲ್ಲಿ ಈ ಮಾತು ತೀರ್ಮಾನವಾಗಿತ್ತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಕಿತ್ತೆಸೆದರು. ದೇವರ ಹಿಪ್ಪರಗಿಯಿಂದ ಬಂದ ಮಾಚಯ್ಯನವರು ಶರಣರ ಬಟ್ಟೆ ಮಡಿ ಮಾಡುವುದನ್ನೇ ಕಾಯಕ ಮಾಡಿಕೊಂಡರು, ಅವರನ್ನು ಕಂಡರೆ ಇಡೀ ಕಲ್ಯಾಣ ಕೈ ಮುಗಿಯುತ್ತಿತ್ತು. ಅಂತರಂಗ ಶುದ್ಧಿ, ಬಹಿರಂಗ ಶುದ್ಧಿ ಎರಡನ್ನೂ ಬಸವಣ್ಣನವರು ಏಳು ಬೇಡಗಳಲ್ಲಿ ಹೇಳಿ ಮುಗಿಸಿದರು. ಕಳಬೇಡ, ಕೊಲಬೇಡದಿಂದ ಹಿಡಿದು ಆ ಏಳರಲ್ಲಿ ನೀರಿನ ಹೆಸರಿಲ್ಲ, ಧೂಪದ ಹೆಸರಿಲ್ಲ. ಅನ್ಯರಿಗೆ ಅಸಹ್ಯಪಡಬೇಡ ಎಂಬುದು ಇದೆ. ಆ ಒಂದನ್ನು ಇವತ್ತು ರಾತ್ರಿ ಮಲಗುವ ಮುಂಚೆ ಹತ್ತು ಸಲ ಹೇಳಿಕೊಳ್ಳಿ. 2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟೆವು, ಪೇಡೆ ಹಂಚಿದೆವು. ಕಲ್ಯಾಣ ಯಾವುದನ್ನು ಹೊರಗೆ ಹಾಕಿತ್ತೋ ಅದನ್ನೇ ಈಗ ವೈಬ್ರೇಷನ್, ಆರಾ (ಮೈ ಸುತ್ತಲಿನ ಪ್ರಭೆ) ಎಂಬ ಹೆಸರಿನಲ್ಲಿ ದುಡ್ಡು ಕೊಟ್ಟು ಮನೆಯೊಳಗೆ ಕರೆಸಿಕೊಳ್ಳುತ್ತಿದ್ದೇವೆ. ನನಗೆ ಇದನ್ನು ಸಹಿಸಲು ಆಗುವುದಿಲ್ಲ.

ಈ ಕೋರ್ಸಿನವರು ಹೆಸರು ಹೇಳಿಕೊಳ್ಳುವ ರೇಖಿಯನ್ನಾದರೂ ನೋಡಿ, ಅಂಗೈ ಇಟ್ಟು ಗುಣಪಡಿಸುತ್ತೇವೆ ಎನ್ನುವ ಪದ್ಧತಿ ಅದು. ಜಪಾನಿನ ಮಿಕಾವೊ ಉಸುಯಿ 1922ರಿಂದ ಅದನ್ನು ಕಲಿಸಲು ತೊಡಗಿದರು. ಅವರಲ್ಲಿ ಒಣ ಜಳಕ ಎಂಬ ಅರ್ಥದ ಒಂದು ಪದ್ಧತಿ ಇದೆ, ಕೆನ್ಯೋಕು ಅನ್ನುತ್ತಾರೆ. ಒಂದು ಭುಜದಿಂದ ಎದುರು ಸೊಂಟದವರೆಗೆ ಅಂಗೈಯಿಂದ ಅಡ್ಡಲಾಗಿ ಸವರುವುದು, ಆಮೇಲೆ ತೋಳುಗಳನ್ನು ಸವರುವುದು. ನಿಮಿಷದ ಕೆಲಸ, ಒಂದು ಹನಿ ನೀರು ಬೇಡ. ಅವರು ನಿತ್ಯ ಹೇಳಿಕೊಳ್ಳಿ ಎಂದ ಐದು ಮಾತಿನಲ್ಲಿ ಸಿಟ್ಟು ಬೇಡ, ಚಿಂತೆ ಬೇಡ ಎಂಬವು ಇವೆ, ದುಡಿಯಿರಿ ಎಂಬುದಿದೆ, ಕೊನೆಯದು ಜನರ ಮೇಲೆ ಕರುಣೆ ಇರಲಿ ಎಂಬುದು. ಜನರಿಂದ ದೂರ ಇರಿ ಎಂದು ಆ ಪುಣ್ಯಾತ್ಮ ಎಲ್ಲಿಯೂ ಹೇಳಲಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ದೊಡ್ಡ ಊರಿನ ಒಂದು ಹೋಟೆಲಿನಲ್ಲಿ ಇಂಥದೇ ಶಿಬಿರಕ್ಕೆ ಹೋಗಿದ್ದೆ, ಬರೆಯಲು ಬೇಕೆಂದು. ಗಂಡನ ಮನೆ ಬಿಟ್ಟು ಬಂದ ಹುಡುಗಿಯೊಬ್ಬಳು ಅಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ನಡೆಸುತ್ತಿದ್ದಾತ ಅವಳಿಗೆ ನಿನ್ನ ಸುತ್ತ ಇರುವವರೇ ವಿಷ, ತಾಯಿಯ ಫೋನನ್ನೂ ತೆಗೆಯಬೇಡ ಎಂದ, ಮುಂದಿನ ಹಂತದ ಶುಲ್ಕ ಎಷ್ಟೆಂದು ತಿಳಿಸಿದ. ಮಧ್ಯಾಹ್ನದ ಊಟಕ್ಕೆ ಅವಳು ಒಬ್ಬಳೇ ಗೋಡೆಗೆ ಮುಖ ಮಾಡಿ ಕುಳಿತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ನಮ್ಮ ಸೀಮೆಯ ತೀರ್ಥಗಳಿಗೆ ಹೋದವರಿಗೆ ಗೊತ್ತು. ಗಾಣಗಾಪುರದಲ್ಲಿ ಭೀಮಾ, ಅಮರಜಾ ಕೂಡುವಲ್ಲಿ ಮುಳುಗಿ ಎದ್ದವರು ಮುಂದೆ ಮಾಡುವುದೇನು? ಜೋಳಿಗೆ ಹಿಡಿದು ಐದು ಮನೆಯ ಮಧುಕರಿ ಬೇಡುತ್ತಾರೆ. ಹೊಳೆಯಲ್ಲಿ ತೊಳೆದ ಕೈಯನ್ನು ನೇರ ಮಂದಿಯ ಮುಂದೆ ಚಾಚಬೇಕು, ಅವರು ಹಾಕಿದ್ದನ್ನು ಉಣ್ಣಬೇಕು. ಬೀದರಿನ ಝರಣಿ ನರಸಿಂಹನಿಗೆ ಗುಹೆಯ ನೀರಿನಲ್ಲಿ ಎದೆಮಟ್ಟ ನಡೆದು ಹೋಗುವಾಗ ಮುಂದಿನವರು ಯಾರು, ಹಿಂದಿನವರು ಯಾರು ಎಂದು ಯಾರೂ ಕೇಳುವುದಿಲ್ಲ. ಮೇಲೆ ಬಾವಲಿ, ಹೆಗಲ ಮೇಲೆ ಕೂಸು, ಕಾಲು ಜಾರಿದರೆ ಅಪರಿಚಿತರ ಭುಜ. ಕಲಬುರಗಿಯ ಶರಣಬಸವೇಶ್ವರರ ದಾಸೋಹದಲ್ಲಿ, ಬೀದರಿನ ಗುರುನಾನಕ್ ಝೀರಾ ಗುರುದ್ವಾರದ ಲಂಗರ್ ಊಟದಲ್ಲಿ ಪಂಕ್ತಿ ಒಂದೇ. (ಗಾಣಗಾಪುರದ ಆ ಸಂಗಮದ ದಂಡೆಯಲ್ಲಿ ಬಿಟ್ಟುಹೋದ ಹಳೇ ಸೀರೆ, ಪ್ಲಾಸ್ಟಿಕ್ಕು ನೋಡಿದರೆ ಕರುಳು ಕಿತ್ತು ಬರುತ್ತದೆ. ಪಾಪ ಕಳೆಯುವ ಹೊಳೆಗೆ ನಾವು ಕೊಡುವುದು ಇದನ್ನೇ? ಅದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.)

ಹಾಗಾದರೆ ಮಾಡಬೇಕಾದದ್ದೇನು? ನನ್ನ ಸೋದರತ್ತೆಯ ಮೈಯಲ್ಲೂ ತಾಯಿ ಬರುತ್ತಿದ್ದಳು, ಕಾಗಿಣಾ ದಂಡೆಯ ಒಂದು ಹಳ್ಳಿಯಲ್ಲಿ. ಆಕೆ ಮಾಡುತ್ತಿದ್ದದ್ದನ್ನು ಹೇಳುತ್ತೇನೆ. ಹೇಳಿಕೆಗೆ ಶುಕ್ರವಾರ ಒಂದೇ ದಿನ. ದೀಪ ಹಚ್ಚಿದ ಮೇಲೆ ಕೂಡುವುದು, ಊರು ಉಣ್ಣುವ ಹೊತ್ತಿಗೆ ಏಳುವುದು. ನಡುವೆ ಯಾವ ಗೌಡ ಬಂದರೂ "ತಾಯಿ ಮಲಗ್ಯಾಳ, ಶುಕ್ರವಾರ ಬರ್ರಿ" ಎಂದು ಮಾವ ಬಾಗಿಲಲ್ಲೇ ಕಳಿಸುತ್ತಿದ್ದರು. ಹೊಟ್ಟೆಗೆ ಅರ್ಧ ರೊಟ್ಟಿ ಹಾಕಿಕೊಂಡೇ ಕೂಡುತ್ತಿದ್ದಳು. ಮುಗಿದ ಮೇಲೆ ಅಂಗಳದ ಮೂಲೆಗೆ ಹೋಗಿ ಒಂದು ಚೂರು ಅರಿಶಿನ, ನಾಲ್ಕು ಹರಳುಪ್ಪು ಅಂಗೈಯಲ್ಲಿಟ್ಟು, ಬೆರಳು ಬೆರಳಿನ ಸಂದಿಯನ್ನು ತಿಕ್ಕಿ, ಮೊಣಕೈವರೆಗೆ ಒಂದು ಚರಿಗೆ ನೀರು ಹಾಕಿಕೊಳ್ಳುತ್ತಿದ್ದಳು. ನೀರು ಹಿಡಿಯುವ ಕೆಲಸ ನನ್ನದು. ಒಮ್ಮೆ ಆ ನೀರನ್ನು ಮಲ್ಲಿಗೆ ಬುಡಕ್ಕೆ ಬಿಡಲು ಹೋದೆ. "ಗಿಡಕ್ಕ ಬ್ಯಾಡೋ, ಉಪ್ಪಿಗಿ ಸಾಯ್ತದ" ಎಂದು ಚರಿಗೆ ಕಿತ್ತುಕೊಂಡು, ಯಾರೂ ತುಳಿಯದ ಗೋಡೆ ಬದಿಗೆ ಚೆಲ್ಲಿದಳು. ಆಮೇಲೆ ಕಟ್ಟೆಗೆ ಬಂದು, ಹೇಳಿಕೆ ಕೇಳಿ ಅತ್ತ ಹೆಂಗಸರ ನಡುವೆಯೇ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು. ನಾಳೆ ಯಾರಾದರೂ ನಿನ್ನೆ ಏನಂದಿ ಎಂದು ಕೇಳಿದರೆ, "ನನಗೇನು ಗೊತ್ತು, ಬಂದಾಕಿ ಹೇಳ್ಯಾಳ, ಆಕೀನ್ನೇ ಕೇಳ್ರಿ" ಎಂದು ಕುಡಗೋಲು ಹಿಡಿದು ತೊಗರಿ ಹೊಲಕ್ಕೆ ನಡೆಯುತ್ತಿದ್ದಳು.

ಅಗಸಗಿತ್ತಿಯ ಕಪ್ಪು ಚುಕ್ಕಿ ಇಲ್ಲಿಯೂ ಇದೆ ನೋಡಿ. ಮಗ ತೀರಿಕೊಂಡವಳ ದುಃಖ ಅವಳದು. ಅದನ್ನು ನೀವು ಒಂದು ಹೊತ್ತು ಕೈಯಲ್ಲಿ ಹಿಡಿದಿರಿ, ಅಷ್ಟೇ. ಆಕೆ ಎದ್ದು ಹೋಗುವಾಗ "ತಾಯಿ, ಇದು ಇವಳದು, ನೀನೇ ನೋಡಿಕೋ" ಎಂದು ಅವಳ ಹೆಸರು ಹಿಡಿದು ಗಟ್ಟಿಯಾಗಿ ಹೇಳಿ, ಉಡಿಗೆ ಭಂಡಾರ ಹಾಕಿ ಕಳಿಸಿ. ಹೆಸರು ಹಿಡಿಯುವುದು ಮುಖ್ಯ. ಇನ್ನು ಜಳಕ ದಿನಕ್ಕೆ ಒಂದು, ಹೇಳಿಕೆಯ ದಿನ ರಾತ್ರಿ ಒಂದು ಚರಿಗೆ ನೀರು, ಕೈಗೆ ಕೊಬ್ಬರಿ ಎಣ್ಣೆ. ಫೋನಿನಲ್ಲಿ ಹೇಳಿಕೆ ಬೇಡವೇ ಬೇಡ. ರಾತ್ರಿ ಹನ್ನೊಂದಕ್ಕೆ ಮುಂಬೈಯಿಂದ ಒಬ್ಬರು, ಪುಣೆಯಿಂದ ಒಬ್ಬರು ಕರೆ ಮಾಡುತ್ತಾರೆ ಎಂದು ಬರೆದಿದ್ದೀರಿ. ತಾಯಿಗೂ ಹೊತ್ತು ಅಂತ ಇದೆ.

ಕೂದಲು ಉದುರುವುದು, ತಲೆ ತಿರುಗುವುದು, ಅನ್ನ ಸೇರದಿರುವುದು ಇವಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ನಿದ್ದೆ ಪೂರ್ತಿ ಹೋದರೆ, ಮೈಯಲ್ಲಿ ಬರುವ ಮಾತು ನಿಮಗೋ ಇನ್ನೊಬ್ಬರಿಗೋ ಪೆಟ್ಟು ಮಾಡು ಎನ್ನತೊಡಗಿದರೆ ಶುಕ್ರವಾರದವರೆಗೆ ಕಾಯಬೇಡಿ, ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಅಷ್ಟೊಂದು ಮಂದಿ ನಿಮ್ಮ ಬಾಗಿಲಿಗೆ ಯಾಕೆ ಬರುತ್ತಾರೆ ಎಂದೂ ಯೋಚಿಸುತ್ತೇನೆ. ಗಂಡ ಮಕ್ಕಳು ಬೆಂಗಳೂರಿಗೆ, ಹೈದರಾಬಾದಿಗೆ ಗುಳೆ ಹೋಗಿದ್ದಾರೆ. ಊರಿನ ಕಟ್ಟೆಗಳನ್ನು ರಸ್ತೆ ಅಗಲ ಮಾಡಲು ಒಡೆದಿದ್ದೇವೆ. ಸಂಜೆ ಹೊತ್ತು ಬಾವಿಯ ಹತ್ತಿರ ನಾಲ್ಕು ಹೆಂಗಸರು ಕೊಡ ಇಳಿಸಿ ಮಾತಾಡುತ್ತಿದ್ದರು, ಆ ಬಾವಿಗಳಿಗೆ ಕಸ ತುಂಬಿದೆವು. ಕೇಳುವ ಕಿವಿ ಊರಿನಲ್ಲಿ ಒಂದೇ ಉಳಿದರೆ ಇಡೀ ಊರಿನ ಗಂಟು ಅಲ್ಲಿಗೇ ಬರುತ್ತದೆ. ಅದು ನಿಮ್ಮ ತಪ್ಪಲ್ಲ ತಂಗಿ, ನಮ್ಮದು. ಆದರೆ ನಿಮ್ಮ ನೆಗೆಣ್ಣಿಗೂ ಎರಡು ಕಿವಿ ಇವೆ. ಆಕೆಯನ್ನು ಒಳಗೆ ಕರೆಯಿರಿ. ಮುಂದಿನ ಶುಕ್ರವಾರ ಪಕ್ಕದಲ್ಲಿ ಕೂಡಿಸಿಕೊಳ್ಳಿ, ಹೊತ್ತಾದಾಗ ಬಾಗಿಲು ಮುಚ್ಚುವ ಕೆಲಸ ಆಕೆಗೆ ಕೊಡಿ, ಎದ್ದ ಮೇಲೆ ಆಕೆ ಬಡಿದ ರೊಟ್ಟಿಯನ್ನೇ ಉಣ್ಣಿ.

ಮಗಳು ಈ ವರ್ಷ ಒಂಬತ್ತನೇ ತರಗತಿ ಎಂದು ಪತ್ರದ ಅಂಚಿನಲ್ಲಿ ಸಣ್ಣಗೆ ಬರೆದಿದ್ದೀರಿ. ಎರಡು ಜಳಕದ ನೀರು ಉಳಿದರೆ ದಿನಕ್ಕೆ ಎಷ್ಟು ಕೊಡ ಕಡಿಮೆಯಾಗುತ್ತವೆ ಎಂದು ಅವಳನ್ನೇ ಕೇಳಿ. ಮುಂದಿನ ಪತ್ರ ಅವಳ ಕೈಯಿಂದ ಬರೆಸಿ.