ಮೊದಲು ಪೆನ್ಸಿಲ್, ಆಮೇಲೆ ವೆರಿಲಾಗ್

ಶಿರಸಿಯ ಓದುಗಿಯೊಬ್ಬರ ಪತ್ರ: ‘ಎಲೆಕ್ಟ್ರಾನಿಕ್ಸ್ ಎರಡನೇ ವರ್ಷ. ಚಿಪ್ ಡಿಸೈನ್ ಕಲಿಯುವ ಆಸೆ. ನೇರ ಯುವಿಎಂ ಕಲಿ, ಬೆಂಗಳೂರಲ್ಲಿ ಆರು ತಿಂಗಳ ಕೋಚಿಂಗ್ ಸೇರು ಅಂತಾರೆ ಸೀನಿಯರ್‌ಗಳು. ಅಪ್ಪ ಅಡಿಕೆ ಮಾರಿ ಫೀಸು ಕಟ್ಟಲು ತಯಾರಿದ್ದಾರೆ. ಎಲ್ಲಿಂದ ಶುರು ಮಾಡಲಿ?’

ಸಂಪಾದಕರ ಉತ್ತರ: ತಂಗೀ, ಸೀನಿಯರ್‌ಗಳದ್ದು ಸುಳ್ಳಲ್ಲ. ಚಿಪ್ ಕಂಪನಿಗಳಿಗೆ ವೆರಿಫಿಕೇಶನ್, ಅಂದರೆ ಡಿಸೈನಿನ ತಪ್ಪು ಹುಡುಕುವ ಕೆಲಸ, ಮಾಡುವವರು ಬೇಕು, ಅದರ ಪದ್ಧತಿಯಾದ ಯುವಿಎಂ ಬಲ್ಲವರಿಗೆ ಬೆಲೆಯಿದೆ. ಆ ಮಾತು ಅಲ್ಲಿಗೆ ಮುಗಿಯಿತು. ಅಪ್ಪನ ಅಡಿಕೆ ಚೀಲ ಸದ್ಯ ಅಟ್ಟದಲ್ಲೇ ಇರಲಿ. ನೀನು ಮನೆಯ ನೀರಿನ ಟ್ಯಾಂಕ್ ಹತ್ತು.

ಟ್ಯಾಂಕಿಗೆ ಎರಡು ಫ್ಲೋಟ್, ಮೇಲೊಂದು, ಕೆಳಗೊಂದು. ನೀರು ಕೆಳಗಿನದಕ್ಕಿಂತ ಇಳಿದರೆ ಪಂಪ್ ಶುರು, ಮೇಲಿನದನ್ನು ಮುಟ್ಟಿದರೆ ಬಂದ್. ನೀರು ನಡುವೆ ಇದ್ದಾಗ? ಪಂಪ್ ಆಗಲೇ ಓಡುತ್ತಿತ್ತೇ, ನಿಂತಿತ್ತೇ ಎಂಬುದು ಗೊತ್ತಿರಬೇಕು. ಅಂದರೆ ಸರ್ಕ್ಯೂಟಿಗೆ ಹಿಂದಿನದು ನೆನಪಿರಬೇಕು. ಆ ಒಂದು ಬಿಟ್‌ನಷ್ಟು ನೆನಪನ್ನು ಹಿಡಿದಿಡುವುದೇ ಫ್ಲಿಪ್‌ಫ್ಲಾಪ್. ಯಾವ ಸ್ಥಿತಿಯಿಂದ ಯಾವುದಕ್ಕೆ ಎಂಬ ಸ್ಟೇಟ್ ಡಯಾಗ್ರಾಂ ಪೆನ್ಸಿಲ್ಲಿನಲ್ಲಿ ಬರೆ, ಯಾವ ಇನ್ಪುಟ್ಟಿಗೆ ಯಾವ ಉತ್ತರ ಎಂಬ ಟ್ರುತ್ ಟೇಬಲ್ ಹಾಕು, ಬರೀ ನ್ಯಾಂಡ್ ಗೇಟಿನಲ್ಲಿ (ಒಳಬರುವುದೆಲ್ಲ 1 ಆದಾಗ ಮಾತ್ರ 0 ಕೊಡುವ ಗೇಟು) ಕಟ್ಟು. ಉಳಿದ ಗೇಟುಗಳೆಲ್ಲ ಅದರಿಂದಲೇ ಹುಟ್ಟುತ್ತವೆ.

ನಾನು ಓದುವಾಗ ಲ್ಯಾಬಿನ ಬೀರುವಿಗೆ ಸದಾ ಬೀಗ. ಪರೀಕ್ಷೆಯ ದಿನ ಕೈಗೆ ಬಂದ 7400 ಐಸಿಯನ್ನು, ಅಂದರೆ ನಾಲ್ಕು ನ್ಯಾಂಡ್ ಗೇಟಿನ ಚಿಪ್ಪನ್ನು, ಉಲ್ಟಾ ಚುಚ್ಚಿದೆ. 14ನೇ ಕಾಲಿಗೆ ಹೋಗಬೇಕಾದ ಐದು ವೋಲ್ಟ್ ಗ್ರೌಂಡಿನ ಕಾಲಾದ 7ಕ್ಕೆ ಹೋಯಿತು. ಮುಟ್ಟಿದ ಬೆರಳು ಚುರ್ ಅಂತು. ‘ಸರ್ಕಾರದ ಸಾಮಾನು ಸುಟ್ಟೆಯಲ್ಲೋ’ ಎಂದು ಅಟೆಂಡರ್ ಬೈದ. ಆ ಎರಡು ಕಾಲುಗಳ ನಂಬರು ನಾನು ಇವತ್ತಿಗೂ ಮರೆತಿಲ್ಲ.

ಸರ್ಕ್ಯೂಟನ್ನು ಅಕ್ಷರದಲ್ಲಿ ಬರೆಯುವ ಭಾಷೆ ವೆರಿಲಾಗ್ ಆಮೇಲೆ. ಸಾಲು ಸಾಲಾಗಿ ಓಡುವ ಸಿ ಪ್ರೋಗ್ರಾಮಿಂಗ್ ಕಲಿತವರು ಅದನ್ನೂ ಮೇಲಿಂದ ಕೆಳಗೆ ಓದುತ್ತಾ ಹೋಗಿ ಎಡವುತ್ತಾರೆ. ಸುಗ್ಗಿಯ ರಾತ್ರಿ ಅಡಿಕೆ ಸುಲಿಯುವುದನ್ನು ನೋಡಿದ್ದೀಯಲ್ಲ, ಹತ್ತು ಮೆಟ್ಟುಗತ್ತಿ ಒಟ್ಟಿಗೇ ಆಡುತ್ತವೆ, ಮೊದಲು ಕೂತವರು ಯಾರೆಂಬ ಲೆಕ್ಕವಿಲ್ಲ. ವೆರಿಲಾಗಿನ ತುಂಡುಗಳಾದ ಆಲ್ವೇಸ್ ಬ್ಲಾಕುಗಳೂ ಹಾಗೇ, ಒಟ್ಟಿಗೇ ಓಡುತ್ತವೆ. ಇಕಾರಸ್ ವೆರಿಲಾಗ್‌ನಲ್ಲಿ ಓಡಿಸು, ಜಿಟಿಕೆವೇವ್‌ನಲ್ಲಿ ಸಿಗ್ನಲ್ಲಿನ ಅಲೆ ನೋಡು, ಯೋಸಿಸ್‌ಗೆ ಕೊಟ್ಟು ಎಷ್ಟು ಗೇಟಾಯಿತೆಂದು ಎಣಿಸು. ಮೂರಕ್ಕೂ ದುಡ್ಡು ಬೇಡ. 2020ರಲ್ಲಿ ಗೂಗಲ್, ಚಿಪ್ ತಯಾರಿಸುವ ಸ್ಕೈವಾಟರ್ ಸೇರಿ 130 ನ್ಯಾನೋಮೀಟರ್ ಚಿಪ್ಪಿನ ಪಿಡಿಕೆಯನ್ನೇ, ಅಂದರೆ ಫ್ಯಾಕ್ಟರಿಯ ಲೆಕ್ಕಾಚಾರವನ್ನೇ, ಎಲ್ಲರಿಗೂ ತೆರೆದಿಟ್ಟರು. ಲೇಔಟ್, ಅಂದರೆ ಚಿಪ್ಪಿನ ನಕ್ಷೆಯವರೆಗೂ ಮನೆಯಲ್ಲೇ ಕೂತು ಹೋಗಬಹುದು. ಸೆಟಪ್, ಹೋಲ್ಡ್ ಟೈಮಿಂಗ್, ಅಂದರೆ ಕ್ಲಾಕ್ ಬಡಿಯುವ ಮುಂಚೆ, ಆಮೇಲೆ ಡೇಟಾ ಎಷ್ಟು ಹೊತ್ತು ಅಲುಗದೆ ನಿಲ್ಲಬೇಕು ಎಂಬುದು, ತಿಳಿಯದೆ ಮಾತ್ರ ಅದಕ್ಕೆ ಕೈ ಹಾಕಬೇಡ.

ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಇಷ್ಟು ವರ್ಷವಾದರೂ ಶಿರಸಿಯಿಂದ ಕಾರವಾರದವರೆಗೆ ನಮ್ಮ ಮಕ್ಕಳಿಗೆ ವಿದ್ಯೆ ಅಂದರೆ ಬೆಂಗಳೂರಿನ ರಾತ್ರಿ ಬಸ್ಸು. ಫ್ಲಿಪ್‌ಫ್ಲಾಪನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಮರ್ಯಾದೆ ಹೋದೀತೆಂದು ಹೆದರುವ ಮೇಷ್ಟ್ರುಗಳೂ ನಮ್ಮವರೇ. ಬೀರುವಿನ ಬೀಗದ ಕೈ ಎಲ್ಲಿದೆಯೋ!

ಇರಲಿ. ಟ್ಯಾಂಕಿನ ಚಿತ್ರ ಬರೆದು ಕಳಿಸು. ಮೇಲಿನ ಫ್ಲೋಟ್ ‘ತುಂಬಿದೆ’, ಕೆಳಗಿನದು ‘ಖಾಲಿ’ ಅಂತ ಒಟ್ಟಿಗೇ ಹೇಳಿದರೆ ನಿನ್ನ ಪಂಪ್ ಏನು ಮಾಡುತ್ತದೆ, ಅದನ್ನೂ ಬರೆ. ವೆರಿಫಿಕೇಶನ್‌ನವರು ಮೊದಲು ಕೇಳುವುದು ಇಂಥ ತರಲೆಯನ್ನೇ.